ಮಗ್ಗ ಮಗನಾದ ಪ್ರಕರಣ

1998ರ ಅಕ್ಟೋಬರ್ 19, ಸೋಮವಾರ. ಬೆಳಿಗ್ಗೆ ಒಂಬತ್ತೂವರೆಗೆ ಅಮೆರಿಕದ ಗೈದರ್ಸ್‌ಬರ್ಗ್‌ನ ಪೊಲೀಸ್ ಠಾಣೆಗೆ ದೂರುದಾರರೊಬ್ಬರು ಬಂದರು. ಹೆಸರು ಸೂರ್ಯನಾರಾಯಣ. ಮೂಲ ಮೈಸೂರು, ಔಷಧ ಕಂಪನಿಯಲ್ಲಿ ಕೆಮಿಸ್ಟ್. ಪೊಟೊಮ್ಯಾಕ್ ಕನ್ನಡ ಬಳಗದ ಕಾರ್ಯದರ್ಶಿ, ಅದರ ರಾಜ್ಯೋತ್ಸವ ಸಂಚಿಕೆಯ ಸಂಪಾದಕರೂ ಅವರೇ. ಟೈ ಕಟ್ಟಿದ್ದರು. ಕಂಕುಳಲ್ಲಿ ಎರಡು ಕಂತೆ ಕಾಗದವಿತ್ತು.

"ಐ ವಾಂಟ್ ಟು ಫೈಲ್ ಆ್ಯನ್ ಎಫ್‌ಐಆರ್" ಎಂದರು.

ಕೌಂಟರಿನಲ್ಲಿದ್ದ ಆಫೀಸರ್ ಡೆನಿಸ್ ವಾಕರ್‌ಗೆ ಎಫ್‌ಐಆರ್ ಎಂದರೇನೆಂದು ತಿಳಿಯಲಿಲ್ಲ. ಒಳಗೆ ಕೂತಿದ್ದ ಡಿಟೆಕ್ಟಿವ್ ಶಶಿಕಾಂತ್ ಹಿರೇಮಠನನ್ನು ಕರೆದಳು. ಬಾಗಲಕೋಟೆಯ ಡಾಕ್ಟರ ಮಗನಾದ ಶಶಿಕಾಂತ್ ಆರನೇ ವಯಸ್ಸಿಗೆ ಅಪ್ಪ ಅವ್ವನ ಜೊತೆ ಮೇರಿಲ್ಯಾಂಡಿಗೆ ಬಂದವನು. ಮನೆಯ ಕನ್ನಡ ಚೆನ್ನಾಗಿ ಬರುತ್ತಿತ್ತು. ಓದಲು ಮಾತ್ರ ಒಂದಕ್ಷರವೂ ಬಾರದು.

"ಹೇಳ್ರಿ ಅಂಕಲ್. ಏನು ಕಳವಾಗೇದ?"

"ಏನೂ ಇಲ್ಲ."

"ಬಾಗಿಲು ಒಡದಾರೇನು?"

"ಇಲ್ಲ."

"ಮತ್ತ?"

"ಪ್ಯಾರಾಗ್ರಾಫ್ ಚೇಂಜ್ ಮಾಡಿದ್ದಾರೆ."

ಏನೆಂದರು ಎಂದು ಡೆನಿಸ್ ಕೇಳಿದಳು. ಶಶಿಕಾಂತ್ ಇಂಗ್ಲಿಷಿನಲ್ಲಿ ಹೇಳಿದ. ಅವಳು ಪೆನ್ನು ಕೆಳಗಿಟ್ಟು ದೂರುದಾರರ ಮುಖ ನೋಡಿದಳು. ಅವರು ನಗುತ್ತಿರಲಿಲ್ಲ.

ಸೂರ್ಯನಾರಾಯಣರ ಹೇಳಿಕೆಯ ಸಾರಾಂಶ ಹೀಗಿತ್ತು. ಬಳಗದ ಆಫೀಸಿಗೆ ಅವರು ಶನಿವಾರ ಸಂಜೆ ಬೀಗ ಹಾಕಿ ಹೋಗಿದ್ದರು. ಈ ದಿನ ಬೆಳಿಗ್ಗೆ ಬಂದು ಕಂಪ್ಯೂಟರಿನಲ್ಲಿ ಸಂಚಿಕೆ ತೆರೆದರೆ ಎಂಬತ್ತನಾಲ್ಕು ಪುಟವಿದ್ದದ್ದು ತೊಂಬತ್ತೇಳಾಗಿತ್ತು. ಸಾಲುಗಳ ನಡುವೆ ಜಾಗ ಹೆಚ್ಚಾಗಿತ್ತು. ಅದನ್ನವರು ಮೊದಲಿನಂತೆ ಮಾಡಿದರು. ಆದರೆ ಹೊಸ ಫೈಲ್ ತೆಗೆದಾಗಲೆಲ್ಲ ಅದು ಮತ್ತೆ ಅದೇ ಅಗಲದ ಸಾಲುಗಳೊಂದಿಗೇ ತೆರೆದುಕೊಳ್ಳುತ್ತಿತ್ತು. ಪ್ರಿಂಟರಿಗೆ ಒಪ್ಪಿದ್ದು ಎಂಬತ್ತನಾಲ್ಕೇ ಪುಟ. ಶುಕ್ರವಾರ ಕೊಡಬೇಕು.

"ಇದು ವೈರಸ್ ಅಲ್ಲ. ಯಾರೋ ಬೇಕಂತ್ಲೇ ಮಾಡಿದ್ದಾರೆ. ಯಾರು ಅಂತಾನೂ ಗೊತ್ತು. ಪ್ರಶಾಂತ್ ಅಂತ ಒಬ್ಬ ಹುಡುಗ. ಅವನ ಹತ್ರ ಕೀ ಇದೆ. ಹೋದ ವಾರ ನನ್ನ ಜೊತೆ ಜಗಳ ಆಡಿದ್ದಾನೆ."

ಬೇರೆ ಯಾವಾಗಲಾದರೂ ಆಗಿದ್ದರೆ ಶಶಿಕಾಂತ್ ಒಂದು ಕಾಫಿ ಕುಡಿಸಿ ಕಳಿಸಿಬಿಡುತ್ತಿದ್ದ. ಆದರೆ ಆ ಬೇಸಿಗೆಯಲ್ಲಿ ಬಳಗದ ಆಫೀಸಿದ್ದ ರಸ್ತೆಯಲ್ಲೇ ವಲಸೆ ಬಂದವರ ಎರಡು ಅಂಗಡಿಗಳ ಗಾಜು ಒಡೆದಿದ್ದರು. ಅಂಥ ಯಾವ ದೂರನ್ನೂ ಹಗುರಾಗಿ ನೋಡಬೇಡಿ ಎಂದು ಸಾರ್ಜೆಂಟ್ ಹೇಳಿದ್ದರು. ಡೆನಿಸ್ ವರದಿ ಬರೆದುಕೊಂಡಳು. ಕಳವಾದ ವಸ್ತು ಎಂಬಲ್ಲಿ ‘ಇಲ್ಲ’ ಎಂದು ತುಂಬಿದಳು.

ಬಳಗದ ಆಫೀಸು ಫ್ರೆಡರಿಕ್ ಅವೆನ್ಯೂನಲ್ಲಿ ಡ್ರೈ ಕ್ಲೀನಿಂಗ್ ಅಂಗಡಿಯ ಮೇಲಿನ ಒಂದೇ ಕೋಣೆ. ಹನ್ನೊಂದು ಗಂಟೆಗೆ ಪೊಲೀಸರಿಬ್ಬರೂ ಸೂರ್ಯನಾರಾಯಣರ ಜೊತೆ ಅಲ್ಲಿಗೆ ತಲುಪಿದರು. ಬೀಗ ಸರಿಯಾಗಿತ್ತು, ಕಿಟಕಿಗೆ ಒಳಗಿನಿಂದ ಚಿಲಕ ಹಾಕಿತ್ತು. ಡೆನಿಸ್ ಫೋಟೋ ತೆಗೆಯತೊಡಗಿದಳು.

"ಪಂಚನಾಮೆ ಮಾಡಲ್ವಾ? ಇಬ್ಬರು ಪಂಚರು ಬೇಡ್ವಾ?" ಎಂದು ಸೂರ್ಯನಾರಾಯಣ ಕೇಳಿದರು.

"ಇಲ್ಲೆ ಹಂಗೇನಿಲ್ರಿ ಅಂಕಲ್. ಫೋಟೋ ಸಾಕು."

ಸೂರ್ಯನಾರಾಯಣರಿಗೆ ಸಮಾಧಾನವಾಗಲಿಲ್ಲ. ಪೊಲೀಸರ ಕಣ್ಣಿಗೆ ಎರಡು ಸಂಗತಿ ಬಿದ್ದವು. ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಯಾರೋ ತಗ್ಗಿಸಿದ್ದರು. ಶನಿವಾರ ಸಿಂಕಿನಲ್ಲಿ ಬಿಟ್ಟುಹೋಗಿದ್ದ ಕಾಫಿ ಲೋಟಗಳನ್ನು ಯಾರೋ ತೊಳೆದು ಬೋರಲು ಹಾಕಿದ್ದರು.

"ಲೋಟ ತೊಳೆಯುವ ಕಳ್ಳನಾದರೆ ನನ್ನ ಮನೆಯ ಕೀ ನಾನೇ ಕೊಡುತ್ತೇನೆ" ಎಂದಳು ಡೆನಿಸ್.

ವರ್ಷಗಟ್ಟಲೆ ಠಾಣೆಯ ವರದಿಗಳನ್ನು ಟೈಪ್ ಮಾಡಿದ್ದ ಅವಳೇ ಕಂಪ್ಯೂಟರಿನ ಮುಂದೆ ಕೂತಳು. ಹೊಸ ಫೈಲ್ ತೆರೆದು ಪ್ಯಾರಾಗ್ರಾಫಿನ ಅಳತೆಗಳನ್ನು ನೋಡಿದಳು. ಸಾಲಿನ ಎತ್ತರ ಮೊದಲು ‘ಇಷ್ಟೇ’ ಎಂದಿತ್ತು ಎಂದು ಸೂರ್ಯನಾರಾಯಣ ಹೇಳಿದ್ದರು. ಈಗ ‘ಕನಿಷ್ಠ ಇಷ್ಟು’ ಎಂದಾಗಿತ್ತು.

"ಒಂದು ಫೈಲಿನಲ್ಲಿ ಬದಲಾಯಿಸುವುದು ಯಾರಿಗೂ ಬರುತ್ತದೆ" ಎಂದು ಅವಳು ಶಶಿಕಾಂತನಿಗೆ ವಿವರಿಸಿದಳು. "ಇವರು ಮೂಲ ಅಚ್ಚನ್ನೇ ಬದಲಾಯಿಸಿದ್ದಾರೆ. ಹೊಸ ಫೈಲುಗಳೆಲ್ಲ ಆ ಅಚ್ಚಿನಿಂದ ಹುಟ್ಟುತ್ತವೆ. ಅದಕ್ಕೇ ಎಷ್ಟು ಸಲ ತೆರೆದರೂ ಹೀಗೇ. ಹಾಳು ಮಾಡಲು ಬಂದವರ ಕೆಲಸವಲ್ಲ ಇದು, ದಿನಾ ಇದನ್ನೇ ಮಾಡುವವರದು."

ಮೂಲ ಅಚ್ಚಿನ ಫೈಲು ಬದಲಾದ ಹೊತ್ತನ್ನು ಕಂಪ್ಯೂಟರೇ ಹೇಳಿತು: ಭಾನುವಾರ ಬೆಳಿಗ್ಗೆ 11:20.

ಕೀಗಳು ಮೂರು. ಒಂದು ಸೂರ್ಯನಾರಾಯಣರ ಬಳಿ, ಒಂದು ಪ್ರಶಾಂತನ ಬಳಿ. ಮೂರನೆಯದು ಕಟ್ಟಡದ ಮಾಲೀಕ, ಕೆಳಗಿನ ಡ್ರೈ ಕ್ಲೀನರ್ ಪಾರ್ಕ್ ಅವರ ಬಳಿ. ಪಾರ್ಕ್ ಮೊಮ್ಮಗುವನ್ನು ನೋಡಲು ಅಟ್ಲಾಂಟಾಕ್ಕೆ ಹೋಗಿದ್ದರು, ಬರುವುದು ಬುಧವಾರ. ಕೌಂಟರಿನಲ್ಲಿದ್ದ ಅವರ ಸೋದರಳಿಯನಿಗೆ ಏನೂ ಗೊತ್ತಿರಲಿಲ್ಲ.

ಮರುದಿನ ಪ್ರಶಾಂತನನ್ನು ಠಾಣೆಗೆ ಕರೆಸಿದರು. ಇಪ್ಪತ್ತಾರರ ತೆಳ್ಳನೆಯ ಹುಡುಗ, ಬೆಂಗಳೂರಿನವನು, ವರ್ಕ್ ವೀಸಾದಲ್ಲಿ ಬಂದು ಒಂದೂವರೆ ವರ್ಷವಾಗಿತ್ತು. ಕೂತ ಕುರ್ಚಿಯ ತುದಿ ಬಿಟ್ಟು ಹಿಂದೆ ಸರಿಯಲಿಲ್ಲ.

"ಸಂಡೇ ಬೆಳಿಗ್ಗೆ ಎಲ್ಲಿದ್ದಿ?"

"ಮಲಗಿದ್ದೆ ಸರ್. ಅಪಾರ್ಟ್‌ಮೆಂಟ್‌ನಲ್ಲಿ."

"ಯಾರು ನೋಡ್ಯಾರ?"

"ಯಾರೂ ಇಲ್ಲ ಸರ್. ರೂಮ್‌ಮೇಟ್ಸ್ ಎಲ್ಲಾ ಕೊಲಂಬಿಯಾಗೆ ಕ್ರಿಕೆಟ್ ಆಡೋಕೆ ಹೋಗಿದ್ರು."

"ಸೂರ್ಯನಾರಾಯಣ ಅಂಕಲ್ ಜೊತಿ ಏನು ಜಗಳ?"

"ನನ್ನ ಹಾಸ್ಯ ಲೇಖನ ತೆಗೆದು ತಮ್ಮ ನಯಾಗರಾ ಪ್ರವಾಸ ಕಥನ ಹಾಕ್ಕೊಂಡ್ರು ಸರ್. ಹದಿಮೂರು ಪೇಜು. ಅದಕ್ಕೇ ಸ್ವಲ್ಪ ಜೋರಾಗಿ ಮಾತಾಡಿದೆ." ಅವನು ದನಿ ತಗ್ಗಿಸಿದ. "ಸರ್, ನನ್ನ ಗ್ರೀನ್ ಕಾರ್ಡ್ ಅಪ್ಲೈ ಆಗಿದೆ. ಪೊಲೀಸ್ ಕೇಸ್ ಅಂತ ಒಂದು ಲೈನ್ ಬಿದ್ರೂ ಎಲ್ಲಾ ಮುಗೀತು."

ಶಶಿಕಾಂತ್ ಅವನನ್ನು ಡೆನಿಸಳ ಕಂಪ್ಯೂಟರಿನ ಮುಂದೆ ಕೂರಿಸಿದ. ಇನ್ನು ಮೇಲೆ ತೆರೆಯುವ ಎಲ್ಲ ಹೊಸ ಫೈಲುಗಳಲ್ಲೂ ಸಾಲುಗಳು ಅಗಲವಾಗಿ ಬರುವಂತೆ ಮಾಡು ಎಂದ. ಪ್ರಶಾಂತ್ ಎರಡು ಸಾಲು ಟೈಪ್ ಮಾಡಿದ, ನಡುವೆ ಎಂಟರ್ ಒತ್ತಿದ, ಮತ್ತೊಮ್ಮೆ ಒತ್ತಿದ. ಎಲ್ಲವನ್ನೂ ಆಯ್ದು ಅಗಲ ಮಾಡಿದ. ಹೊಸ ಫೈಲ್ ತೆರೆದರೆ ಸಾಲುಗಳು ಮೊದಲಿನಂತೆಯೇ ಇದ್ದವು. ಅವನು ಮತ್ತೆ ಎಂಟರ್ ಒತ್ತಿದ.

"ಪ್ರೋಗ್ರಾಮರ್ ಅಲ್ಲೇನು ನೀ?"

"ವೈಟೂಕೆ ಸರ್. ಎರಡು ಸಾವಿರನೇ ಇಸವಿಗೆ ಅಂತ ಹಳೇ ಕೋಬಾಲ್ ಪ್ರೋಗ್ರಾಮ್ ರಿಪೇರಿ ಮಾಡೋನು. ನಮ್ಮಲ್ಲಿ ಸಾಲಿಗೆ ಎತ್ತರಾನೇ ಇರಲ್ಲ."

ಶಶಿಕಾಂತ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಡೆನಿಸ್ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಹೋದಳು. ಹುಡುಗ ನಟಿಸುತ್ತಲೂ ಇರಬಹುದು ಎಂದು ಶಶಿಕಾಂತನಿಗೆ ಗೊತ್ತಿತ್ತು. ಆದರೂ ಇವನಲ್ಲ ಎಂದು ಮನಸ್ಸು ಹೇಳುತ್ತಿತ್ತು. ಇವನಲ್ಲ ಎಂದು ಬರೆಯಬೇಕಾದರೆ ಬೇರೆ ಯಾರು ಎಂಬುದು ಬೇಕಿತ್ತು.

ಸಂಜೆ ಡ್ಯೂಟಿ ಮುಗಿಸಿ, ಸೂರ್ಯನಾರಾಯಣ ಕೊಟ್ಟಿದ್ದ ಎರಡು ಕಂತೆಗಳ ಪ್ರತಿ ಹಿಡಿದು ಅವನು ತಾಯಿಯ ಮನೆಗೆ ಹೋದ. ಒಂದು ಶುಕ್ರವಾರ ತೆಗೆದ ಪ್ರಿಂಟ್, ಇನ್ನೊಂದು ಸೋಮವಾರ ಬೆಳಿಗ್ಗೆಯದು. ಅವನ ಕಣ್ಣಿಗೆ ಎರಡೂ ಒಂದೇ. ಎರಡನೆಯದರಲ್ಲಿ ಸ್ವಲ್ಪ ಗಾಳಿಯಾಡುತ್ತಿತ್ತು, ಅಷ್ಟೇ.

ತಾಯಿ ಶಾಂತವ್ವ ರೊಟ್ಟಿ ಬಡಿಯುತ್ತಿದ್ದವರು ಕೈ ಒರೆಸಿಕೊಂಡು ಕನ್ನಡಕ ಏರಿಸಿದರು. ಶುಕ್ರವಾರದ ಕಂತೆಯಿಂದ ಒಂದು ಹಾಳೆ ತೆಗೆದರು. ನಾರ್ತ್ ಕೆರೊಲೈನಾದ ಷಾರ್ಲಟ್‌ನಿಂದ ಯಾರೋ ಬರೆದು ಕಳಿಸಿದ್ದ, ನೇಕಾರರ ಮನೆಯ ನೆನಪಿನ ಲೇಖನ. ಎರಡು ಸಾಲು ಓದಿದವರೇ ನಿಲ್ಲಿಸಿದರು. ಮತ್ತೆ ಓದಿದರು. ಆಮೇಲೆ ನಗು ತಡೆಯಲಾರದೆ ಕುರ್ಚಿ ಹಿಡಿದು ಕೂತರು.

"ಏನಾತವ್ವ?"

"ಕೇಳಪಾ ಇಲ್ಲೆ. ‘ಅಪ ಹಳೆಯ ಮಗ ಮಾರಿ ಹೊಸ ಮಗ ತಂದರು. ಹೊಸ ಮಗ ಬಂದ ದಿನ ಓಣಿಗೆಲ ಸಿಹಿ ಹಂಚಿದೆವು.’"

"ಮಗನ್ನ ಮಾರ್ಯಾರ? ವಾಟ್?"

"ಮಗ ಅಲ್ಲೋ, ಮಗ್ಗ! ಸೀರಿ ನೇಯೂ ಮಗ್ಗ. ಗ ಕೆಳಗ ಇನ್ನೊಂದು ಗ ಇರಬೇಕು, ಅದಕ್ಕ ಒತ್ತು ಅಂತಾರ. ನೋಡಿಲ್ಲೆ, ಎಳಿಯಷ್ಟು ಉಳದೇತಿ. ಉಳದದ್ದನ್ನ ಯಾರೋ ಕತ್ತರಿ ತಗೊಂಡು ಕತ್ತರಿಸಿದಂಗ ಐತಿ." ಅವರು ಇನ್ನೊಂದು ಹಾಳೆ ಎಳೆದರು. "ಇದು ನೋಡು. ‘ಅಜನ ನೆನಪು.’ ಅಜ್ಜನ ನೆನಪು ಅಂತ ಪಾಪ ಯಾರೋ ಬರದಾರ. ಅಜ ಅಂದ್ರ ಆಡು ಗೊತ್ತೇನು ನಿನಗ? ಮೇಕಿ!"

ತಾಯಿ ಮಗ ಇಬ್ಬರೂ ನಕ್ಕರು. ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಸೋಮವಾರದ ಕಂತೆಯಲ್ಲಿ ಅದೇ ಹಾಳೆಗಳನ್ನು ಹುಡುಕಿ ನೋಡಿದರೆ ಮಗ್ಗ ಮಗ್ಗವಾಗಿತ್ತು, ಅಜ್ಜ ಅಜ್ಜನಾಗಿದ್ದ. ಪ್ರತಿ ಒತ್ತೂ ಪೂರ್ತಿ ಇಳಿದು ಕೂತಿತ್ತು.

ಶಶಿಕಾಂತನಿಗೆ ಆಗ ಪ್ರಕರಣ ತಿರುವುಮುರುವಾಗಿ ನಿಂತಂತೆ ಕಂಡಿತು. ಜಾಗ ಉಳಿಸಲು ಸಂಪಾದಕರು ಸಾಲಿನ ಎತ್ತರವನ್ನು ‘ಇಷ್ಟೇ’ ಎಂದು ಬಿಗಿದಿದ್ದರು. ಆ ಎತ್ತರದ ಕೆಳಗೆ ಇಳಿದದ್ದೆಲ್ಲ ಕತ್ತರಿಸಿ ಹೋಗಿತ್ತು. ಇಂಗ್ಲಿಷಿಗಾದರೆ ಅಷ್ಟು ಜಾಗ ಸಾಕು. ಕನ್ನಡದ ಅಕ್ಷರ ಕೆಳಗೂ ಬೆಳೆಯುತ್ತದೆ. ಭಾನುವಾರ ಬಂದವರು ಹಾಳು ಮಾಡಿರಲಿಲ್ಲ, ರಿಪೇರಿ ಮಾಡಿದ್ದರು. ಇನ್ನು ಮುಂದೆಯೂ ಕೆಡದಂತೆ ಮೂಲದಲ್ಲೇ ಮಾಡಿಟ್ಟು, ಲೋಟ ತೊಳೆದು ಹೋಗಿದ್ದರು.

ಆ ರಾತ್ರಿ ಊಟಕ್ಕೆ ಮುಂಚೆ ಶಾಂತವ್ವ ಮಗನಿಗೆ ಹತ್ತು ಒತ್ತಕ್ಷರ ಬರೆದು ತೋರಿಸಿದರು. ಮೂವತ್ತೊಂದರ ಡಿಟೆಕ್ಟಿವ್ ಪೆನ್ಸಿಲ್ ಹಿಡಿದು ತಿದ್ದಿದ.

ಬುಧವಾರ ಬೆಳಿಗ್ಗೆ ಸೂರ್ಯನಾರಾಯಣರಿಗೆ ಫೋನ್ ಮಾಡಿದ.

"ಅಂಕಲ್, ಒತ್ತು ಕಾಣಂಗಿಲ್ಲ ಅಂತ ಯಾರಾದ್ರೂ ನಿಮಗ ಹೇಳಿದ್ರೇನು?"

"ಒಬ್ಬ ಲೇಡಿ ಎರಡು ಸಲ ಫೋನ್ ಮಾಡಿದ್ರು. ದಸರಾ ಪ್ರೋಗ್ರಾಮ್‌ನಲ್ಲಿ ಸ್ಯಾಂಪಲ್ ಪೇಜ್ ಅಂಟಿಸಿದ್ವಿ, ಅದನ್ನ ನೋಡಿ. ಓದೋರಿಗೆ ಅರ್ಥ ಆಗುತ್ತೆ ಬಿಡಿ, ಪೇಜ್ ಲಿಮಿಟ್ ಇದೆ ಅಂದೆ. ಹೆಸರು ಕೇಳಲಿಲ್ಲ."

"ಈ ಅಕ್ಷರ ಯಾರು ಮಾಡಿದ್ದು?"

"ಫಾಂಟಾ? ಫೆಡರಲ್ ಲ್ಯಾಬ್‌ನಲ್ಲಿ ಗುರುಶಾಂತಪ್ಪ ಅಂತ ಇಂಜಿನಿಯರ್ ಇದ್ದಾರೆ, ನಿಮ್ಮ ಕಡೆಯವರೇ. ಅವರು ಫ್ಲಾಪಿಯಲ್ಲಿ ಹಾಕಿ ಫ್ರೀಯಾಗಿ ಕೊಟ್ರು. ‘ನೀಲಗಂಗಾ’ ಅಂತ ಹೆಸರು."

"ನೀಲಗಂಗಾ ಯಾರ್ರಿ?"

"ಯಾವುದೋ ನದಿ ಇರಬೇಕು."

ಮಧ್ಯಾಹ್ನ ಪಾರ್ಕ್ ಅಟ್ಲಾಂಟಾದಿಂದ ಬಂದಿಳಿದಿದ್ದರು. ಹುಡುಕಿಕೊಂಡು ಬಂದ ಪೊಲೀಸರಿಬ್ಬರನ್ನೂ ನಿಲ್ಲಿಸಿ ಮೊದಲು ಮೊಮ್ಮಗುವಿನ ಫೋಟೋ ತೋರಿಸಿದರು. ಆಮೇಲೆ ಪ್ರಶ್ನೆಗೆ ಉತ್ತರ ಕೊಟ್ಟರು. ಹೌದು, ಭಾನುವಾರ ತಾವು ಹೊರಡುವ ಮುಂಚೆ ಒಬ್ಬ ಹೆಂಗಸಿಗೆ ಮೇಲಿನ ಕೀ ಕೊಟ್ಟಿದ್ದರು. ಗೊತ್ತಿರುವವರೇ. ರೇಷ್ಮೆ ಸೀರೆ ತರುತ್ತಾರೆ, ಮಡಿಕೆ ಸರಿಯಿಲ್ಲ ಎಂದು ಪ್ರತಿ ಸಲವೂ ಬೈಯುತ್ತಾರೆ. ಒಂದು ಗಂಟೆಯೊಳಗೆ ಕೀ ವಾಪಸು ಕೊಟ್ಟು ಥ್ಯಾಂಕ್ಸ್ ಹೇಳಿ ಹೋದರು.

"ಹೆಸರು?"

"ಮಿಸೆಸ್ ನೀಲಾ."

ಫೋನಿನಲ್ಲಿ ಬಂದ ನದಿಯ ಮಾತನ್ನು ಶಶಿಕಾಂತನಿಂದ ಕೇಳಿದ್ದ ಡೆನಿಸ್ ಅವನ ಕಡೆ ತಿರುಗಿದಳು. "ನದಿ ಸಿಕ್ಕಿತು" ಎಂದಳು.

ಸಂಜೆ ಆರು ಗಂಟೆಗೆ ಇಬ್ಬರೂ ಗುರುಶಾಂತಪ್ಪನವರ ಮನೆಯ ಬೆಲ್ ಒತ್ತಿದರು. ಬಾಗಿಲು ತೆರೆದದ್ದು ಐವತ್ತು ದಾಟಿದ ಗಿಡ್ಡನೆಯ ಹೆಂಗಸು. ಆಫೀಸಿನ ಸ್ಕರ್ಟ್ ಮೇಲೆ ಏಪ್ರನ್ ಕಟ್ಟಿದ್ದರು. ಒಳಗಿನಿಂದ ಮೆಣಸಿನಕಾಯಿ ಬಜ್ಜಿಯ ವಾಸನೆ ಬಂತು. ಅವರು ಬ್ಯಾಡ್ಜ್ ನೋಡಲಿಲ್ಲ, ಮುಖ ನೋಡಿದರು.

"ಶಾಂತವ್ವಾರ ಮಗ ಅಲ್ಲೇನು? ಬಾ ಬಾ ಒಳಗ. ಆಕಿನ್ನೂ ಕರಿ, ಹೊರಗ್ಯಾಕ ನಿಂತಾಳ?"

"ಆಂಟಿ, ನಿಮ್ಮ ಹೆಸರು ನೀಲಗಂಗಾ ಏನ್ರಿ?"

"ಹೌದು."

"ಕೆಲಸ?"

"ರಾಕ್‌ವಿಲ್‌ದಾಗ ವಕೀಲರ ಆಫೀಸು. ಅವರು ಬರದಿದ್ದನ್ನೆಲ್ಲ ಕಂಪ್ಯೂಟರಿನ್ಯಾಗ ಸರಿ ಮಾಡಿ ಕೂಡಸ್ತೀನಿ. ಹದಿನಾಲ್ಕು ವರ್ಷಾತು."

"ಸಂಡೇ ಬೆಳಿಗ್ಗೆ ಬಳಗದ ಆಫೀಸಿಗೆ ಹೋಗಿದ್ರೇನು?"

"ಹೋಗಿದ್ದೆ."

"ಯಾರಿಗೂ ಹೇಳದ?"

"ಎರಡು ಸಲ ಹೇಳೇನಿ. ಕೇಳಲಿಲ್ಲ. ಮೂರನೇ ಸಲ ಕೈಲೇ ಹೇಳಿದೆ."

ಒಳಗಿನಿಂದ ಪೇಪರ್ ಹಿಡಿದು ಬಂದ ಗುರುಶಾಂತಪ್ಪ ಹೆಂಡತಿಯ ಮುಖ ನೋಡಿದರು. ಅವರಿಗೆ ಇದೇನೂ ಗೊತ್ತಿರಲಿಲ್ಲ. "ಸಂಡೇ ಸೀರಿ ಕೊಟ್ಟು ಬರ್ತೀನಿ ಅಂದೀ?"

"ಸೀರೀನೂ ಕೊಟ್ಟೆ" ಎಂದರು ನೀಲಗಂಗಾ.

ಈ ಕೆಲಸದ ಸಂಶಯ ಪ್ರಶಾಂತ್ ಎಂಬ ಹುಡುಗನ ಮೇಲೆ ಬಿದ್ದಿದೆ, ಅವನ ಗ್ರೀನ್ ಕಾರ್ಡಿಗೇ ಕುತ್ತು ಬರುವಂತಿದೆ ಎಂದು ಶಶಿಕಾಂತ್ ಹೇಳಿದ. ನೀಲಗಂಗಾ ಅವರ ಮುಖದ ನಗು ಅಳಿಸಿಹೋಯಿತು. ಒಲೆ ಆರಿಸಿ, ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆಸೆದರು.

"ನಡೀ ತಮ್ಮಾ. ಎಲ್ಲೆ ಸೈನ್ ಮಾಡಬೇಕು? ಆ ಕೂಸಿಗೆ ಏನೂ ಆಗಬಾರದು."

"ನಿಮ್ಮನ್ನ ಅರೆಸ್ಟ್ ಮಾಡಬೇಕಾಗ್ತೈತ್ರಿ ಆಂಟಿ. ಟ್ರೆಸ್‌ಪಾಸ್. ಮೊದಲು ನಿಮ್ಮ ರೈಟ್ಸ್ ಹೇಳಬೇಕಿತ್ತು, ಈಗ ಹೇಳ್ತೀನಿ." ಅವನು ಇಂಗ್ಲಿಷಿನಲ್ಲಿ ಶುರು ಮಾಡಿದ.

"ಕನ್ನಡದಾಗ ಹೇಳೋ."

ಶಶಿಕಾಂತ್ ತಡವರಿಸಿದ. "ನೀವು... ಸುಮ್ಮ ಕುಂದ್ರಬಹುದು. ಸುಮ್ಮ ಕುಂದ್ರೂದು ನಿಮ್ಮ ಹಕ್ಕು."

"ಅದೊಂದು ನನ್ನ ಕೈಲೆ ಆಗೂದಿಲ್ಲ" ಎಂದರು ಆರೋಪಿ.

"ಆ ಫಾಂಟ್ ಮಾಡಿದಾವ ನಾನು. ನನ್ನೂ ಕರಕೊಂಡು ಹೋಗ್ರಿ" ಎಂದು ಗುರುಶಾಂತಪ್ಪ ಶೂ ಹಾಕಿಕೊಳ್ಳತೊಡಗಿದರು. ಡೆನಿಸ್ ಕೈಕೋಳದ ಗೋಜಿಗೆ ಹೋಗಲಿಲ್ಲ. ನೀಲಗಂಗಾ ಕೊಟ್ಟ ಬಜ್ಜಿಯ ಡಬ್ಬಿ ಹಿಡಿದು ಕಾರಿನಲ್ಲಿ ಮುಂದೆ ಕೂತಳು.

ಏಳು ಗಂಟೆಗೆ ಸೂರ್ಯನಾರಾಯಣ ಠಾಣೆಗೆ ಬಂದರು. ಆರೋಪಿ ಯಾರೆಂದು ಕೇಳಿ ಮೊದಲು ಕೋಪಗೊಂಡರು. ಬಳಗದಲ್ಲಿ ಶಿಸ್ತಿಲ್ಲ, ಸಂಪಾದಕನಿಗೆ ಬೆಲೆಯಿಲ್ಲ ಎಂದರು. ನೀಲಗಂಗಾ ಶುಕ್ರವಾರದ ಕಂತೆಯಿಂದ ಸಂಪಾದಕೀಯದ ಹಾಳೆ ತೆಗೆದು ಅವರ ಮುಂದಿಟ್ಟರು.

"ಅಣ್ಣಾರ, ಒಂದ ಕೆಲಸ ಮಾಡ್ರಿ. ನಿಮಗ ಗೊತ್ತಿರೂದನ್ನ ಓದಬ್ಯಾಡ್ರಿ. ಹಾಳಿ ಮ್ಯಾಲೆ ಇರೂದನ್ನಷ್ಟ ಓದ್ರಿ."

ಸೂರ್ಯನಾರಾಯಣ ಕನ್ನಡಕ ಸರಿಮಾಡಿಕೊಂಡರು. "‘ಕನಡ ಉಳಿಸೋಣ’" ಎಂದು ಓದಿ ನಿಂತರು. ಕೆಮ್ಮಿದರು. ಮುಂದುವರಿಸಿದರು. "‘ನಮ ಬಳಗದ ಎಲ ಅಕ ತಂಗಿಯರಿಗೆ...’" ಕೊನೆಯಲ್ಲಿ ತಮ್ಮ ಹೆಸರಿಗೆ ಬಂದರು. ರ ಕೆಳಗಿನ ಯ ಒತ್ತು ಹೋಗಿ ಅಲ್ಲಿ ಸೂರನಾರಾಯಣ ಎಂದಿತ್ತು.

ಮೊದಲು ಸೂರ್ಯನಾರಾಯಣರ ಭುಜ ಅಲುಗಿತು. ಆಮೇಲೆ ಅವರು ಟೈ ಸಡಿಲಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಬರೆದೋನು ನಾನೇ ಅಲ್ವಾ, ಕಣ್ಣು ತಾನೇ ತುಂಬಿಸ್ಕೊಂಡು ಓದ್ತಿತ್ತು. ಸುಮಾರು ಇನ್ನೂರು ಮನೆಗೆ ಹೀಗೇ ಹೋಗ್ತಿತ್ತಲ್ರೀ!"

ದೂರು ಮುಂದುವರಿಸುವುದಿಲ್ಲ ಎಂದು ಅವರು ಸಹಿ ಮಾಡಿದರು. ಎಚ್ಚರಿಕೆ ಕೊಟ್ಟು ಬಿಡಬಹುದೆಂದು ಸಾರ್ಜೆಂಟ್ ಒಪ್ಪಿದರು. ಉಳಿದದ್ದು ಹದಿಮೂರು ಪುಟಗಳ ಪ್ರಶ್ನೆ. ಸೂರ್ಯನಾರಾಯಣ ಕಂತೆಯಿಂದ ಪರಿವಿಡಿಯ ಹಾಳೆ ತೆಗೆದು ಪೆನ್ನು ಹಿಡಿದರು.

"ನಯಾಗರಾ ತೆಗೆದುಬಿಡೋಣ" ಎಂದರು. "ಫಾಲ್ಸ್ ಎಲ್ಲೂ ಹೋಗಲ್ಲ."

ಅಲ್ಲಿಂದಲೇ ಪ್ರಶಾಂತನಿಗೆ ಫೋನ್ ಮಾಡಿದರು. ತಪ್ಪಾಯಿತು ಕಣಯ್ಯಾ ಎಂದದ್ದು ಎಲ್ಲರಿಗೂ ಕೇಳಿಸಿತು. ಆ ಕಡೆಯಿಂದ ಬಂದ ಕೂಗು ಸಂತೋಷದ್ದೋ ಅಳುವಿನದ್ದೋ ತಿಳಿಯಲಿಲ್ಲ.

ಕಾಗದಪತ್ರ ಮುಗಿಯುತ್ತಿದ್ದಾಗ ಶಶಿಕಾಂತ್ ಬರೆದುಕೊಳ್ಳದೆ ಒಂದು ಪ್ರಶ್ನೆ ಕೇಳಿದ.

"ಯಾಕ ಆಂಟಿ? ಒಂದು ಸಂಚಿಕೆ ಸಲುವಾಗಿ ಇಷ್ಟ್ಯಾಕ?"

ನೀಲಗಂಗಾ ಹೊರಗಿನ ಬೆಂಚಿನ ಕಡೆ ನೋಡಿದರು. ಅಲ್ಲಿ ಗುರುಶಾಂತಪ್ಪ ಹೆಂಡತಿಯ ಸ್ವೆಟರ್ ತೊಡೆಯ ಮೇಲಿಟ್ಟುಕೊಂಡು, ಪ್ರಶಾಂತನ ಹಾಸ್ಯ ಲೇಖನ ಯಾವ ಪುಟಕ್ಕೆ ಕೂಡುತ್ತದೆ ಎಂದು ಸೂರ್ಯನಾರಾಯಣರ ಜೊತೆ ಲೆಕ್ಕ ಹಾಕುತ್ತಿದ್ದರು.

ನೀಲಗಂಗಾ ಹೇಳಿದ್ದು ಇಷ್ಟು. ಈ ದೇಶಕ್ಕೆ ಬಂದ ಮೇಲೆ ಮಕ್ಕಳು ಸಣ್ಣವರು, ಒಬ್ಬರು ಹಗಲು ದುಡಿದರೆ ಇನ್ನೊಬ್ಬರು ರಾತ್ರಿ. ಹನ್ನೆರಡು ವರ್ಷ ಗಂಡ ಹೆಂಡತಿ ಮಾತಾಡಿದ್ದೆಲ್ಲ ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಗಳಲ್ಲೇ. ನೀಲಗಂಗಾ ಕನ್ನಡದಲ್ಲಿ ಬರೆಯುತ್ತಿದ್ದರು. ಗುರುಶಾಂತಪ್ಪನವರಿಗೆ ಆ ಅಕ್ಷರ ಇಷ್ಟ. ಮಕ್ಕಳು ಕಾಲೇಜಿಗೆ ಹೋಗಿ ಮನೆ ಖಾಲಿಯಾದ ವರ್ಷ ಅವರೊಂದು ದಿನ, ನಿನ್ನ ಅಕ್ಷರ ಕಂಪ್ಯೂಟರಿಗೆ ಹಾಕೂಣು, ಬರದು ಕೊಡು ಎಂದರು. ಎರಡು ಚಳಿಗಾಲ ಇಬ್ಬರೂ ಊಟದ ಮೇಜಿನ ಮುಂದೆ ಕೂತರು. ಹೆಂಡತಿ ಬರೆಯುವುದು, ಗಂಡ ಅಳೆದು ಗೀರುವುದು.

"ಒತ್ತಿಗೇ ಬಾಳ ಜಗಳ ನಮ್ದು. ಇಷ್ಟು ಕೆಳಗ ಬ್ಯಾಡ ಅಂತ ಅವರು, ಬೇಕಂತ ನಾನು. ಒಂದೊಂದು ಒತ್ತಿಗೆ ಒಂದೊಂದು ಸಂಜಿ. ಹೊರಗ ಹಿಮ ಬೀಳತಿತ್ತು, ಚಹಾ ಆರಿ ಹೋಗತಿತ್ತು." ಅವರು ನಕ್ಕರು. "ಮದುವಿ ಆಗಿ ಇಪ್ಪತ್ತೆಂಟು ವರ್ಷದಾಗ ನಾವು ಕೂಡಿ ಕುಂತದ್ದು ಅವಾಗ. ಮೊನ್ನೆ ದಸರಾದಾಗ ಗ್ವಾಡಿ ಮ್ಯಾಲಿನ ಹಾಳಿ ನೋಡಿದೆ. ಅವರು ನೋಡೂದ್ರಾಗ ಸರಿ ಮಾಡಬೇಕು ಅನಿಸ್ತು, ಅಷ್ಟ."

ಶಶಿಕಾಂತ್ ಫೈಲ್ ಮುಚ್ಚಿ ಬಾಗಿಲು ತೆರೆದು ಹಿಡಿದ. ಗುರುಶಾಂತಪ್ಪ ಎದ್ದು ಹೆಂಡತಿಯ ಹೆಗಲಿಗೆ ಸ್ವೆಟರ್ ಹಾಕಿದರು. ಹೊರಗೆ ಚಳಿ ಶುರುವಾಗಿತ್ತು. ಪಾರ್ಕಿಂಗ್ ಲಾಟ್ ದಾಟುವಾಗಲೇ ಇಬ್ಬರಲ್ಲೂ ವಾದ ಹತ್ತಿಕೊಂಡಿತು. ಫಾಂಟಿನಲ್ಲಿ ಕನ್ನಡದ ಅಂಕಿಗಳನ್ನು ಇನ್ನೂ ಮಾಡಿರಲಿಲ್ಲ. ಒಂಬತ್ತರ ಬಾಲ ಎಷ್ಟು ಉದ್ದ ಇರಬೇಕೆಂದು ನೀಲಗಂಗಾ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದರು. ಅಷ್ಟುದ್ದ ಬ್ಯಾಡ ಎಂದು ಗುರುಶಾಂತಪ್ಪ ಕಾರಿನ ಬಾಗಿಲು ತೆರೆದರು.